ಕಾಯಂ ಹುದ್ದೆಯೋ, ಫ್ರೀಲಾನ್ಸೋ, ಕಚೇರಿಯೋ? ಬ್ರಿಟನ್ ಆರ್ಕೆಸ್ಟ್ರಾಗಳಲ್ಲಿ ಹಿತ್ತಾಳೆ ವಾದ್ಯದವರ ದಾರಿಗಳು

ಬ್ರಿಟನ್‌ಗೆ ಬಂದು ನೆಲೆಸಿದ ಕನ್ನಡದ ಮನೆಗಳಲ್ಲಿ ವೀಣೆ, ಪಿಟೀಲಿನ ಪಕ್ಕದಲ್ಲೇ ಟ್ರಂಪೆಟ್ಟೋ ಫ್ರೆಂಚ್ ಹಾರ್ನೋ ಇರುವುದು ಈಗ ಅಪರೂಪವಲ್ಲ. ಶಾಲೆಯವರು ಬಾಡಿಗೆಗೆ ಕೊಟ್ಟ ವಾದ್ಯದಿಂದ ಶುರುವಾಗಿ, ಊರಿನ ಯುವ ಆರ್ಕೆಸ್ಟ್ರಾ ದಾಟಿ, ಹದಿನೇಳು ಹದಿನೆಂಟರ ಹೊತ್ತಿಗೆ ‘ನಾನು ಮ್ಯೂಸಿಕ್ ಕಾಲೇಜಿಗೇ ಸೇರೋದು’ ಅನ್ನುವ ಮಾತು ಬರುತ್ತದೆ. ಅಪ್ಪ ಅಮ್ಮ ಕೇಳುವುದು ಹೊಟ್ಟೆಪಾಡಿನ ಪ್ರಶ್ನೆ. ಅದು ಕೇಳಲೇಬೇಕಾದ ಪ್ರಶ್ನೆ. ಟ್ರೊಂಬೋನ್ ನುಡಿಸುತ್ತಲೂ ಆರ್ಕೆಸ್ಟ್ರಾ ಕಚೇರಿಯಲ್ಲಿ ದುಡಿಯುತ್ತಲೂ ಬಂದವನಾಗಿ ಅದಕ್ಕೆ ಸರಿಯಾಗಿ ಉತ್ತರ ಕೊಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಆಡಳಿತದ ಕೆಲಸವೆಂದರೆ ನುಡಿಸಿ ಗೆಲ್ಲಲಾಗದವರು ಕೊನೆಗೆ ಸೇರುವ ಜಾಗ ಎಂಬ ಭಾವನೆ ನಮ್ಮವರಲ್ಲೂ ಇದೆ, ಸಂಗೀತ ಕಾಲೇಜಿನ ಗುರುಗಳಲ್ಲೂ ಇದೆ. ಆ ಭಾವನೆ ತಪ್ಪು, ಅದರಿಂದ ಒಳ್ಳೆಯ ವಾದಕರಿಗೆ ನಷ್ಟವಾಗಿದೆ. ಹಿತ್ತಾಳೆ ವಾದ್ಯದವರಲ್ಲಿ ಹೆಚ್ಚಿನವರಿಗೆ ಹೊಂದುವುದು ಫ್ರೀಲಾನ್ಸ್ ನುಡಿಸುವಿಕೆ ಮತ್ತು ಆಡಳಿತ ಎರಡೂ ಸೇರಿದ ಬದುಕೇ. ಆದರೆ ಆಡಳಿತದ ಎಲ್ಲ ಕೆಲಸವೂ ನುಡಿಸುವುದರ ಜೊತೆ ಹೊಂದುವುದಿಲ್ಲ. ಯಾವುದು ಹೊಂದುತ್ತದೆ, ಯಾವುದು ಇಲ್ಲ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಮೊದಲು ಕುರ್ಚಿಗಳ ಲೆಕ್ಕ

ಪೂರ್ಣ ಸಿಂಫನಿ ಆರ್ಕೆಸ್ಟ್ರಾದಲ್ಲಿ ಪಿಟೀಲಿನವರೇ ಮೂವತ್ತರ ಹತ್ತಿರ ಇರುತ್ತಾರೆ. ಹಿತ್ತಾಳೆಯ ಸಾಲು ಚಿಕ್ಕದು: 4 ಹಾರ್ನ್, 3 ಟ್ರಂಪೆಟ್, 3 ಟ್ರೊಂಬೋನ್, 1 ಟ್ಯೂಬಾ. ಟ್ರೊಂಬೋನ್ ಮೂರರಲ್ಲಿ ಒಂದು ಬಾಸ್ ಟ್ರೊಂಬೋನ್, ಅದು ಬೇರೆಯದೇ ಹುದ್ದೆ. ಟ್ಯೂಬಾದವರು ಒಂದು ಆರ್ಕೆಸ್ಟ್ರಾಕ್ಕೆ ಒಬ್ಬರೇ. ಅವರು ನಿವೃತ್ತರಾಗುವವರೆಗೆ ಆ ಕುರ್ಚಿ ಖಾಲಿಯಾಗದು. ಇಡೀ ದೇಶದಲ್ಲಿ ಟ್ಯೂಬಾದ ಒಂದು ಹುದ್ದೆಯೂ ತೆರೆಯದೆ ವರ್ಷಗಳೇ ಕಳೆಯಬಹುದು.

ಇದರ ಮೇಲೆ ಕೃತಿಗಳ ಲೆಕ್ಕ ಬೇರೆ. ಮೊಜಾರ್ಟ್, ಹೈಡನ್ ಸಿಂಫನಿಗಳಲ್ಲಿ ಟ್ರೊಂಬೋನ್ ಇಲ್ಲವೇ ಇಲ್ಲ. 1808ರಲ್ಲಿ ಮೊದಲ ಬಾರಿ ಕೇಳಿಸಿದ ಬೀಥೋವನ್ನರ ಐದನೇ ಸಿಂಫನಿಯಲ್ಲಿ ಅದು ಬರುವುದು ಕೊನೆಯ ಭಾಗದಲ್ಲಿ. ಬ್ರಾಮ್ಸ್‌ರ ಮೊದಲ ಸಿಂಫನಿಯಲ್ಲೂ ಹಾಗೆಯೇ: ಮೂರು ಭಾಗ ಮುಗಿಯುವವರೆಗೆ ಟ್ರೊಂಬೋನಿನ ಮೂವರೂ ಸುಮ್ಮನೆ ಕೂತು, ನಾಲ್ಕನೆಯದರಲ್ಲಿ ತಣ್ಣಗಾದ ತುಟಿಯಿಂದ ಮೆಲ್ಲಗೆ, ಶುದ್ಧವಾಗಿ ಸ್ವರ ಹಿಡಿಯಬೇಕು. ಡ್ವೊರ್ಝಾಕ್‌ರ ‘ನ್ಯೂ ವರ್ಲ್ಡ್’ ಸಿಂಫನಿಯಲ್ಲಿ ಟ್ಯೂಬಾಕ್ಕೆ ಎರಡನೇ ಭಾಗದಲ್ಲಿ ಬೆರಳೆಣಿಕೆಯ ಸ್ವರ, ಅಷ್ಟೇ. ಇನ್ನೊಂದು ತುದಿಯಲ್ಲಿ ಮಾಲರ್‌ರ ಎರಡನೇ ಸಿಂಫನಿಗೆ 10 ಹಾರ್ನ್ ಬೇಕು. ರಿಚರ್ಡ್ ಸ್ಟ್ರೌಸ್‌ರ ಆಲ್ಪೈನ್ ಸಿಂಫನಿಗೆ ವೇದಿಕೆಯಲ್ಲಿ 8, ತೆರೆಮರೆಯಲ್ಲಿ 12 ಹಾರ್ನ್. 1926ರ ಯಾನಾಚೆಕ್ ಸಿಂಫೋನಿಯೆಟ್ಟಾಕ್ಕೆ ಹಿತ್ತಾಳೆಯವರೇ 25 ಮಂದಿ. ಇಷ್ಟು ಜನರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವ ಆರ್ಕೆಸ್ಟ್ರಾ ಯಾವುದೂ ಇಲ್ಲ. ಉಳಿದವರಿಗೆಲ್ಲ ಫೋನು ಹೋಗುತ್ತದೆ. ಹೀಗಾಗಿ ಫ್ರೀಲಾನ್ಸ್ ಹಿತ್ತಾಳೆ ಕೆಲಸ ಸಮನಾಗಿ ಹರಿದು ಬರುವುದಿಲ್ಲ. ಒಂದು ವಾರಕ್ಕೆ ನಾಲ್ಕು ಕಡೆಯಿಂದ ಕರೆ ಬರುತ್ತದೆ, ಆಮೇಲೆ ಎರಡು ವಾರ ಫೋನೇ ಇಲ್ಲ. ಮುಂದಿನ ಹೋಲಿಕೆಯೆಲ್ಲ ಈ ಏರಿಳಿತವನ್ನು ಹೇಗೆ ತುಂಬಿಕೊಳ್ಳುವುದು ಎಂಬುದರ ಸುತ್ತಲೇ ಇದೆ.

ಸಂಬಳದ ಕಾಯಂ ಹುದ್ದೆ

ಬಿಬಿಸಿಯ ಆರ್ಕೆಸ್ಟ್ರಾಗಳು, ಮ್ಯಾಂಚೆಸ್ಟರಿನ ಹ್ಯಾಲೆ (1858ರಲ್ಲಿ ಶುರು), ಬರ್ಮಿಂಗ್‌ಹ್ಯಾಮ್ ನಗರದ ಸಿಂಫನಿ ಆರ್ಕೆಸ್ಟ್ರಾ ಸಿಬಿಎಸ್‌ಒ (1920), ಲಿವರ್‌ಪೂಲ್, ಬೋರ್ನ್‌ಮತ್, ಸ್ಕಾಟ್ಲೆಂಡಿನ ರಾಷ್ಟ್ರೀಯ ಆರ್ಕೆಸ್ಟ್ರಾ ಇವುಗಳಲ್ಲಿ ವಾದಕರಿಗೆ ತಿಂಗಳ ಸಂಬಳ, ರಜೆ, ಕಾಯಿಲೆ ಬಿದ್ದರೆ ಸಂಬಳ, ಪಿಂಚಣಿ ಇವೆ. ಮನೆ ಸಾಲಕ್ಕೆ ಬ್ಯಾಂಕಿಗೆ ಹೋದರೆ ಈ ಸಂಬಳದ ಚೀಟಿಗೆ ಇರುವ ಬೆಲೆ ಫ್ರೀಲಾನ್ಸ್ ಆದಾಯಕ್ಕೆ ಇಲ್ಲ.

ಒಳಗೆ ಹೋಗುವುದೇ ಕಷ್ಟ. ಬ್ರಿಟನ್‌ನಲ್ಲಿ ಆಡಿಷನ್ ಒಂದೇ ಸಾಲದು, ಆಮೇಲೆ ‘ಟ್ರಯಲ್’ ಇರುತ್ತದೆ. ಆಡಿಷನ್‌ನಲ್ಲಿ ಹಿಡಿಸಿದ ಹಲವರನ್ನು ಸರದಿಯಂತೆ ಕರೆದು ಆರ್ಕೆಸ್ಟ್ರಾದ ನಡುವೆಯೇ ಕೂರಿಸಿ ನುಡಿಸುತ್ತಾರೆ. ಒಂದು ವಾರ ಇವರು, ಇನ್ನೊಂದು ತಿಂಗಳು ಅವರು. ತೀರ್ಮಾನಕ್ಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಹಿಡಿಯುತ್ತದೆ. ಅಷ್ಟು ಕಾಲವೂ ಆ ಆರ್ಕೆಸ್ಟ್ರಾದ ದಿನಾಂಕಗಳಿಗಾಗಿ ಡೈರಿಯನ್ನು ಖಾಲಿ ಬಿಟ್ಟುಕೊಂಡಿರಬೇಕು. ಇದರಲ್ಲಿ ನ್ಯಾಯವೂ ಇದೆ: ಆಡಿಷನ್‌ನ ಹತ್ತು ನಿಮಿಷದಲ್ಲಿ ತಿಳಿಯದ ಗುಣಗಳು ಪಕ್ಕದಲ್ಲಿ ಕೂತು ಒಂದು ವಾರ ನುಡಿಸಿದಾಗ ತಿಳಿಯುತ್ತವೆ. ಕಾಯುವವರಿಗೆ ಮಾತ್ರ ಇದು ಬಲು ದೀರ್ಘ.

ಕಾಯಂ ಎಂದರೆ ಎಂದೆಂದಿಗೂ ಎಂದೂ ಅಲ್ಲ. 2022ರ ನವೆಂಬರಿನಲ್ಲಿ ಇಂಗ್ಲಿಷ್ ನ್ಯಾಷನಲ್ ಒಪೆರಾವನ್ನು, ಕಲೆಗಳಿಗೆ ಸರಕಾರಿ ಹಣ ಹಂಚುವ ಆರ್ಟ್ಸ್ ಕೌನ್ಸಿಲ್ ತನ್ನ ನಿಯತ ಅನುದಾನದ ಪಟ್ಟಿಯಿಂದ ಕೈಬಿಟ್ಟಿತು. ಅದರ ಆರ್ಕೆಸ್ಟ್ರಾದವರ ವರ್ಷಪೂರ್ತಿಯ ಕೆಲಸ ಆಮೇಲೆ ವರ್ಷದ ಕೆಲವು ತಿಂಗಳಿಗೆ ಇಳಿಯಿತು. 2023ರ ಮಾರ್ಚಿನಲ್ಲಿ ಬಿಬಿಸಿ ಇಂಗ್ಲೆಂಡಿನ ತನ್ನ ಮೂರು ಆರ್ಕೆಸ್ಟ್ರಾಗಳ ಸಂಬಳದ ಹುದ್ದೆಗಳಲ್ಲಿ ಐದರಲ್ಲೊಂದು ಭಾಗ ಕಡಿಮೆ ಮಾಡುವ ಪ್ರಸ್ತಾವ ಇಟ್ಟಿತು. ವಿರೋಧ ಎದ್ದ ಮೇಲೆ ಅದನ್ನು ತಡೆಹಿಡಿಯಿತು. ಕಾಯಂ ಹುದ್ದೆ ಸಿಕ್ಕರೆ ಖಂಡಿತ ಹಿಡಿಯಿರಿ. ಅದೊಂದನ್ನೇ ನಂಬಿ ಹತ್ತು ವರ್ಷದ ಯೋಜನೆ ಹಾಕಬೇಡಿ.

ಸದಸ್ಯತ್ವವಿದೆ, ಸಂಬಳವಿಲ್ಲ

ಲಂಡನ್ನಿನ ನಾಲ್ಕು ದೊಡ್ಡ ಸ್ವತಂತ್ರ ಆರ್ಕೆಸ್ಟ್ರಾಗಳ, ಅಂದರೆ ಲಂಡನ್ ಸಿಂಫನಿ, ಲಂಡನ್ ಫಿಲ್‌ಹಾರ್ಮೋನಿಕ್, ಫಿಲ್‌ಹಾರ್ಮೋನಿಯಾ, ರಾಯಲ್ ಫಿಲ್‌ಹಾರ್ಮೋನಿಕ್‌ಗಳ ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಅಲ್ಲಿನ ಸದಸ್ಯರಿಗೂ ತಿಂಗಳ ಸಂಬಳವಿಲ್ಲ. ಕಾನೂನಿನ ಕಣ್ಣಿನಲ್ಲಿ ಅವರು ಸ್ವಂತ ಉದ್ಯೋಗದವರು, ನುಡಿಸಿದಷ್ಟಕ್ಕೆ ಹಣ. ಆದರೆ ಆ ಕುರ್ಚಿ ಅವರದು, ಕೆಲಸದ ಮೊದಲ ಕರೆ ಅವರಿಗೇ.

ಈ ವ್ಯವಸ್ಥೆಯ ಮೂಲದಲ್ಲಿ ಇರುವವರೇ ಹಿತ್ತಾಳೆಯವರು. ಒಪ್ಪಿಕೊಂಡ ಕೆಲಸಕ್ಕೆ ತನ್ನ ಬದಲಿಗೆ ಇನ್ನೊಬ್ಬರನ್ನು ಕಳಿಸುವುದು ಇಪ್ಪತ್ತನೇ ಶತಮಾನದ ಆರಂಭದ ಲಂಡನ್ನಿನಲ್ಲಿ ರೂಢಿಯಾಗಿತ್ತು. ಹೆಚ್ಚು ಹಣದ ಕೆಲಸ ಸಿಕ್ಕವರು ರಿಹರ್ಸಲ್‌ಗೆ ಒಬ್ಬರನ್ನು, ಸಂಗೀತ ಕಛೇರಿಗೆ ಮತ್ತೊಬ್ಬರನ್ನು ಕಳಿಸಿಬಿಡುತ್ತಿದ್ದರು. ಹೆನ್ರಿ ವುಡ್ ನಡೆಸುತ್ತಿದ್ದ ಕ್ವೀನ್ಸ್ ಹಾಲ್ ಆರ್ಕೆಸ್ಟ್ರಾದಲ್ಲಿ ಮ್ಯಾನೇಜರ್ ರಾಬರ್ಟ್ ನ್ಯೂಮನ್ ಇದನ್ನು ನಿಲ್ಲಿಸಿದಾಗ ಸುಮಾರು 40 ಮಂದಿ ಹೊರನಡೆದರು. 1904ರಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಹುಟ್ಟಿದ್ದು ಹೀಗೆ. ಮುಂದೆ ನಿಂತು ಕಟ್ಟಿದ ನಾಲ್ವರಲ್ಲಿ ಅಡಾಲ್ಫ್ ಬೋರ್ಸ್‌ಡಾರ್ಫ್, ಥಾಮಸ್ ಬಸ್ಬಿ, ಹೆನ್ರಿ ವಾನ್ ಡೆರ್ ಮೀರ್‌ಷೆನ್ ಹಾರ್ನಿನವರು, ಜಾನ್ ಸಾಲೊಮನ್ ಟ್ರಂಪೆಟ್ಟಿನವರು. ಸಭೆ ಕರೆದದ್ದು, ನಿಯಮ ಬರೆದದ್ದು, ಲಾಭ ಹಂಚಿಕೊಳ್ಳುವ ಪದ್ಧತಿ ಮಾಡಿದ್ದು ಎಲ್ಲವೂ ವಾದಕರೇ. ನುಡಿಸುವವರು ಬೇರೆ, ಕಚೇರಿ ನಡೆಸುವವರು ಬೇರೆ ಎಂಬ ಗೆರೆಯನ್ನು ಅವರು ಎಳೆದುಕೊಂಡಿರಲೇ ಇಲ್ಲ. ಇಂದಿಗೂ ಆ ಆರ್ಕೆಸ್ಟ್ರಾದ ಆಡಳಿತ ಮಂಡಳಿಯಲ್ಲಿ ವಾದಕರು ಕೂರುತ್ತಾರೆ. ಅಲ್ಲಿ ಚೆಲ್ಲೊ ನುಡಿಸುತ್ತಿದ್ದ ಕ್ಲೈವ್ ಗಿಲಿನ್‌ಸನ್ 1984ರಲ್ಲಿ, ಆರ್ಕೆಸ್ಟ್ರಾ ಹಣದ ಇಕ್ಕಟ್ಟಿನಲ್ಲಿದ್ದಾಗ, ಅದರ ಮ್ಯಾನೇಜಿಂಗ್ ಡೈರೆಕ್ಟರ್ ಆಗಿ 2005ರವರೆಗೆ ನಡೆಸಿದರು. ಆಮೇಲೆ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನ ಹೊಣೆ ಹೊತ್ತರು.

ಫ್ರೀಲಾನ್ಸ್ ಬದುಕು ನಿಜಕ್ಕೂ ಹೇಗಿರುತ್ತದೆ

ಕೆಲಸ ಬರುವುದು ‘ಫಿಕ್ಸರ್’ ಕಡೆಯಿಂದ. ಆರ್ಕೆಸ್ಟ್ರಾಕ್ಕೆ ಹೊರಗಿನ ವಾದಕರನ್ನು ಕೂಡಿಸಿಕೊಡುವವರಿಗೆ ಇಲ್ಲಿ ಎಲ್ಲರೂ ಕರೆಯುವ ಹೆಸರು ಅದು. ಒಬ್ಬರಿಗೆ ಹುಷಾರಿಲ್ಲದೆ ಅವರ ಜಾಗಕ್ಕೆ ಹೋದರೆ ‘ಡೆಪ್’. ಕೃತಿಗೆ ಹೆಚ್ಚು ಜನ ಬೇಕಾಗಿ ಹೋದರೆ ‘ಎಕ್ಸ್‌ಟ್ರಾ’. ಹಾರ್ನಿನವರಿಗೆ ಇನ್ನೊಂದು ಬಾಗಿಲಿದೆ, ಅದು ‘ಬಂಪರ್’: ಮೊದಲ ಹಾರ್ನಿನವರ ಪಕ್ಕದಲ್ಲಿ ಐದನೆಯವರಾಗಿ ಕೂತು, ಜೋರಿನ ಭಾಗಗಳನ್ನು ತಾವು ನುಡಿಸಿ, ದೊಡ್ಡ ಸೋಲೋಗೆ ಅವರ ತುಟಿಯನ್ನು ಉಳಿಸಿಕೊಡುವುದು. ಹೊಸಬರಿಗೆ ಮೊದಲ ಕರೆ ಹೀಗೆಯೇ ಬರುವುದುಂಟು, ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗವೂ ಇಲ್ಲ.

ಪಟ್ಟಿಯಲ್ಲಿ ಹೆಸರು ಹೇಗೆ ಸೇರುತ್ತದೆ? ಸೆಕ್ಷನ್‌ನ, ಅಂದರೆ ಆ ವಾದ್ಯದ ಸಾಲಿನ, ಮುಖ್ಯಸ್ಥರು ಮ್ಯಾನೇಜರಿಗೆ ‘ಅವರನ್ನು ಕೇಳಿ’ ಅನ್ನುತ್ತಾರೆ, ಅಷ್ಟೇ. ಹಿತ್ತಾಳೆಯ ಸಾಲಿನಲ್ಲಿ ಮೂರು ನಾಲ್ಕು ಜನ ಒಟ್ಟಿಗೆ ಉಸಿರೆಳೆದು ಒಂದೇ ಕ್ಷಣಕ್ಕೆ ಸ್ವರ ಹಿಡಿಯಬೇಕು, ಒಂದೇ ಉದ್ದಕ್ಕೆ ಬಿಡಬೇಕು. ತಾನೊಬ್ಬನೇ ಚೆನ್ನಾಗಿ ನುಡಿಸುವವರಿಗಿಂತ ಪಕ್ಕದವರ ಶ್ರುತಿಗೆ ಕೂಡಿಕೊಳ್ಳುವವರಿಗೆ ಎರಡನೇ ಕರೆ ಬರುತ್ತದೆ. ಹೊತ್ತಿಗೆ ಮುಂಚೆ ಬರುವುದು, ಭಾಗವನ್ನು ಮನೆಯಲ್ಲೇ ನೋಡಿಕೊಂಡು ಬರುವುದು, ಮುಖ್ಯಸ್ಥರ ಸೋಲೋವನ್ನು ವಾರ್ಮಪ್‌ನಲ್ಲಿ ನುಡಿಸಿ ತೋರಿಸದಿರುವುದು ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಡೈರಿಯದು ದೊಡ್ಡ ಶಿಸ್ತು. ಖಚಿತವಾಗದ ದಿನಾಂಕವನ್ನು ‘ಪೆನ್ಸಿಲ್’ ಹಾಕಿಸುತ್ತಾರೆ. ಅದೇ ದಿನಕ್ಕೆ ಇನ್ನೊಂದು ಕರೆ ಬಂದರೆ ಮೊದಲಿನವರನ್ನು ಕೇಳಿಯೇ ಒಪ್ಪಬೇಕು. ಖಚಿತವಾಗಿ ಒಪ್ಪಿದ ಮೇಲೆ ಇಮ್ಮಡಿ ಹಣದ ಕೆಲಸ ಬಂದರೂ ಹಿಂದೆ ಸರಿಯುವಂತಿಲ್ಲ. ಸರಿದವರ ಹೆಸರು ಪಟ್ಟಿಯಿಂದ ಹೋಗುತ್ತದೆ, ಯಾಕೆ ಹೋಯಿತೆಂದು ಯಾರೂ ಹೇಳುವುದೂ ಇಲ್ಲ.

ಕೆಲಸಗಳ ಬಗೆ ಹಲವು. ಲಂಡನ್ನಿನ ನಾಟಕಮಂದಿರಗಳ ಪ್ರದೇಶವಾದ ವೆಸ್ಟ್ ಎಂಡ್‌ನ ಸಂಗೀತ ನಾಟಕಗಳಲ್ಲಿ ವಾರಕ್ಕೆ 8 ಪ್ರದರ್ಶನ. ಕುರ್ಚಿ ಹಿಡಿದವರು ಒಂದಿಷ್ಟು ಪ್ರದರ್ಶನಗಳಿಗೆ ಡೆಪ್ ಕಳಿಸಬಹುದು, ಆ ಡೆಪ್ ಪಟ್ಟಿಯೇ ಎಷ್ಟೋ ಜನರ ಅನ್ನ. ಆಬಿ ರೋಡ್, ಏರ್ ಸ್ಟುಡಿಯೋಗಳ ಸಿನಿಮಾ ರೆಕಾರ್ಡಿಂಗಿಗೆ ಹಣ ಚೆನ್ನಾಗಿದೆ, ಕರೆಸಿಕೊಳ್ಳುವವರು ಕಡಿಮೆ. ಅಲ್ಲಿ ಹಾಳೆ ಕೈಗೆ ಬಂದ ಕ್ಷಣವೇ ತಪ್ಪಿಲ್ಲದೆ ನುಡಿಸಬೇಕು. ಶನಿವಾರಗಳಂದು ಊರೂರ ಕೋರಲ್ ಸೊಸೈಟಿಗಳು, ಅಂದರೆ ವೃಂದಗಾನದ ಸಂಘಗಳು, ಚರ್ಚುಗಳಲ್ಲಿ ನಡೆಸುವ ಕಛೇರಿಗಳಿಗೆ ಇಬ್ಬರು ಟ್ರಂಪೆಟ್ಟಿನವರು ಬೇಕೇ ಬೇಕು. ಡಿಸೆಂಬರಿನಲ್ಲಿ ಕ್ರಿಸ್ಮಸ್ ಕ್ಯಾರಲ್‌ಗಳಿಗೆ ಹಿತ್ತಾಳೆಯವರನ್ನು ಹಿಡಿಯುವುದೇ ಕಷ್ಟ. ಜನವರಿ ಬಂತೆಂದರೆ ಡೈರಿ ಖಾಲಿ, ಅದೇ ಜನವರಿ 31ಕ್ಕೆ ತೆರಿಗೆ ಕಟ್ಟಬೇಕು. ಇಲ್ಲಿ ಹೊಸಬರಿಗೆ ಒಂದು ಎಚ್ಚರಿಕೆ: ಮೊದಲ ದೊಡ್ಡ ತೆರಿಗೆ ಬಿಲ್ಲಿನ ಜೊತೆಗೇ ಮುಂದಿನ ವರ್ಷದ ಅರ್ಧವನ್ನೂ ಮುಂಗಡ ಕೇಳುತ್ತಾರೆ, ಇನ್ನರ್ಧ ಜುಲೈ 31ಕ್ಕೆ. ಬಂದ ಹಣದಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಬೇರೆ ಖಾತೆಗೆ ಹಾಕಿ ಮರೆತುಬಿಡಿ.

ದರಗಳನ್ನು ಮ್ಯೂಸಿಷಿಯನ್ಸ್ ಯೂನಿಯನ್ ಮತ್ತು ಆರ್ಕೆಸ್ಟ್ರಾಗಳ ಸಂಘ ಕೂತು ತೀರ್ಮಾನಿಸುತ್ತವೆ. ಯೂನಿಯನ್ 1893ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ್ದು. ಮೂರು ಗಂಟೆಯ ಸೆಷನ್‌ಗೆ ಇಷ್ಟು, ಅದೇ ದಿನದ ರಿಹರ್ಸಲ್ ಮತ್ತು ಕಛೇರಿಗೆ ಇಷ್ಟು ಎಂದು ನಿಗದಿ ಇದೆ. ಎರಡನೇ ವಾದ್ಯ ನುಡಿಸಿದರೆ ‘ಡಬ್ಲಿಂಗ್’ ಹಣ, ಟ್ಯೂಬಾದಂಥ ದೊಡ್ಡದನ್ನು ಹೊತ್ತು ತಂದರೆ ‘ಪೋರ್ಟರೇಜ್’. ಸದಸ್ಯರಾಗದೆ ಈ ಕೆಲಸಕ್ಕೆ ಇಳಿಯಬೇಡಿ. ಹಣ ಬಾರದಿದ್ದಾಗ ನಿಮ್ಮ ಪರವಾಗಿ ಪತ್ರ ಬರೆಯುವವರು ಅವರೇ.

ಇನ್ನು ದೇಹ. ಪಿಟೀಲಿನವರಿಗೆ ಭುಜ, ನಮಗೆ ತುಟಿ. ಪ್ರತಿದಿನದ ಸಾಧನೆಗೆ ಯಾರೂ ಹಣ ಕೊಡುವುದಿಲ್ಲ. ತುಟಿಗೆ ಪೆಟ್ಟಾದರೆ, ಹಲ್ಲು ಕಿತ್ತರೆ, ಫ್ರೀಲಾನ್ಸ್ ಆದಾಯ ಆ ದಿನದಿಂದಲೇ ಸೊನ್ನೆ. ಕಲಾವಿದರ ವೈದ್ಯಕೀಯ ಸಲಹೆಗೆ ಬಾಪಮ್ ಎಂಬ ಸಂಸ್ಥೆಯಿದೆ. ಕಷ್ಟಕ್ಕೆ 1921ರಲ್ಲಿ ಶುರುವಾದ ಹೆಲ್ಪ್ ಮ್ಯೂಸಿಷಿಯನ್ಸ್ ಇದೆ. ಎರಡರ ನಂಬರನ್ನೂ ಕಾಲೇಜಿನಲ್ಲಿದ್ದಾಗಲೇ ಬರೆದಿಟ್ಟುಕೊಳ್ಳಿ. ಕಿವಿಯ ವಿಷಯದಲ್ಲಿ ನಾವು ಇತರರಿಗೂ ಅಪಾಯ. 2012ರಲ್ಲಿ ರಾಯಲ್ ಒಪೆರಾ ಹೌಸಿನ ವಾಗ್ನರ್ ರಿಹರ್ಸಲ್‌ನಲ್ಲಿ ಹಿತ್ತಾಳೆಯ ಮುಂದೆಯೇ ಕೂತಿದ್ದ ವಯೋಲಾ ವಾದಕ ಕ್ರಿಸ್ ಗೋಲ್ಡ್‌ಶೈಡರ್ ಅವರ ಶ್ರವಣಕ್ಕೆ ಹಾನಿಯಾಯಿತು. 2018ರಲ್ಲಿ ಹೈಕೋರ್ಟು ಅವರ ಪರ ತೀರ್ಪಿತ್ತಿತು, ಮರುವರ್ಷ ಮೇಲ್ಮನವಿಯಲ್ಲೂ ಅದು ಮುಖ್ಯವಾಗಿ ನಿಂತಿತು. ಕೆಲಸದ ಜಾಗದ ಸದ್ದಿನ ನಿಯಮಗಳು 2008ರ ಏಪ್ರಿಲಿನಿಂದ ಸಂಗೀತಕ್ಕೂ ಅನ್ವಯಿಸುತ್ತವೆ. ಕ್ರಮ ಕೈಗೊಳ್ಳಲೇಬೇಕಾದ 85 ಡೆಸಿಬೆಲ್ ಎಂಬ ಮಟ್ಟ ಆಡಳಿತದವರ ಮೇಜಿನ ಮೇಲೂ ಇರುತ್ತದೆ: ಯಾರನ್ನು ಎಲ್ಲಿ ಕೂರಿಸಬೇಕು, ನಡುವೆ ಎಷ್ಟು ಜಾಗ ಬಿಡಬೇಕು, ತಡೆಪರದೆ ಎಲ್ಲಿ. ಹಿತ್ತಾಳೆ ನುಡಿಸಿದವರು ಆ ನಕ್ಷೆ ಬರೆದರೆ ಎಲ್ಲರಿಗೂ ಒಳ್ಳೆಯದು.

ಆಡಳಿತದಲ್ಲಿ ಯಾವ ಕೆಲಸ?

‘ಆರ್ಟ್ಸ್ ಅಡ್ಮಿನಿಸ್ಟ್ರೇಷನ್’ ಎಂದು ಒಂದೇ ಉಸಿರಿನಲ್ಲಿ ಹೇಳಿದರೂ ಒಳಗಿನ ಕೆಲಸಗಳ ಹೊತ್ತು ಗೊತ್ತು ಪೂರಾ ಬೇರೆ ಬೇರೆ. ನುಡಿಸುವುದರ ಜೊತೆ ಹೊಂದುತ್ತದೆಯೇ ಎಂಬ ಒಂದೇ ಅಳತೆಯಲ್ಲಿ ನೋಡೋಣ.

ವಾದಕರೆಲ್ಲ ಮೊದಲು ಆಸೆಪಡುವುದು ಆರ್ಕೆಸ್ಟ್ರಾ ಮ್ಯಾನೇಜರ್ ಹುದ್ದೆಗೆ. ಯಾರು ನುಡಿಸುತ್ತಾರೆ, ಬಸ್ಸು ಎಷ್ಟಕ್ಕೆ ಹೊರಡುತ್ತದೆ, ವಿರಾಮ ಯಾವಾಗ ಎಂಬುದೆಲ್ಲ ಇವರದು. ಸಂಗೀತಕ್ಕೆ ತೀರ ಹತ್ತಿರ. ಆದರೆ ನನ್ನ ಮಟ್ಟಿಗೆ ನುಡಿಸುವವರಿಗೆ ಅತಿ ಕಷ್ಟದ ಜೋಡಿ ಇದೇ. ಎಲ್ಲರೂ ನುಡಿಸುವ ಸಂಜೆಗಳಲ್ಲೇ, ಶನಿವಾರ ಭಾನುವಾರಗಳಲ್ಲೇ ಇವರ ಕೆಲಸ. ಇನ್ನೂ ದೊಡ್ಡ ತೊಡಕು ನಂಬಿಕೆಯದು. ಇಂದು ನೀವು ಕರೆಯುವ ಟ್ರಂಪೆಟ್ ವಾದಕರೇ ನಾಳೆ ಬೇರೆ ಕಡೆಗೆ ನಿಮ್ಮ ಹೆಸರು ಹೇಳುವವರು. ನೀವು ಎಷ್ಟೇ ನೇರವಾಗಿದ್ದರೂ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ಎಂಬ ಅನುಮಾನ ಸಾಲಿನಲ್ಲಿ ಉಳಿಯುತ್ತದೆ. ಈ ಹುದ್ದೆ ಹಿಡಿಯುವುದಾದರೆ ಆ ಆರ್ಕೆಸ್ಟ್ರಾದಲ್ಲಿ ತಾನು ನುಡಿಸುವುದಿಲ್ಲ ಎಂಬ ನಿಯಮವನ್ನು ತಾನೇ ಹಾಕಿಕೊಳ್ಳಬೇಕು.

ಸಂಗೀತ ಕಛೇರಿ ಮತ್ತು ಪ್ರವಾಸ ನೋಡಿಕೊಳ್ಳುವ ಹುದ್ದೆಯೂ ಹಾಗೆಯೇ. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟ ಮೇಲಂತೂ 180 ದಿನಗಳಲ್ಲಿ 90 ದಿನದ ಮಿತಿ, ವಾದ್ಯಗಳ ಕಸ್ಟಮ್ಸ್ ಕಾಗದ, ಲಾರಿಗಳ ಮೇಲಿನ ನಿರ್ಬಂಧ ಎಲ್ಲ ಸೇರಿ ಇದು ಪೂರ್ತಿ ಮನುಷ್ಯನನ್ನೇ ಕೇಳುತ್ತದೆ.

ಲೈಬ್ರರಿ ಕೆಲಸ ಬಲು ಚೆನ್ನಾಗಿ ಹೊಂದುತ್ತದೆ, ಆದರೂ ಇದರ ಕಡೆ ಯಾರೂ ನೋಡುವುದಿಲ್ಲ. ಪ್ರಕಾಶಕರಿಂದ ಸ್ವರಹಾಳೆ ಬಾಡಿಗೆಗೆ ತರಿಸುವುದು, ಆವೃತ್ತಿಗಳನ್ನು ಹೋಲಿಸುವುದು, ಪಿಟೀಲಿನ ಬಿಲ್ಲಿನ ಗುರುತುಗಳನ್ನು ಎಲ್ಲ ಪ್ರತಿಗೂ ಇಳಿಸುವುದು, ಪುಟ ತಿರುಗಿಸಲಾಗದ ಕಡೆ ಸರಿಪಡಿಸುವುದು. ಹಾರ್ನ್, ಟ್ರಂಪೆಟ್ಟಿನವರು ಚಿಕ್ಕಂದಿನಿಂದಲೇ ಒಂದು ಶ್ರುತಿಯಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ನುಡಿಸಿ ಪಳಗಿರುವುದರಿಂದ ಹಾಳೆಯ ತಪ್ಪು ಅವರ ಕಣ್ಣಿಗೆ ಬೇಗ ಬೀಳುತ್ತದೆ. ಕೆಲಸಕ್ಕೆ ಗಡುವು ಕಟ್ಟುನಿಟ್ಟು, ಗಂಟೆಗಳು ಸಡಿಲ.

ಹಣ ಕೂಡಿಸುವ ವಿಭಾಗಕ್ಕೆ ಇಲ್ಲಿ ‘ಡೆವಲಪ್‌ಮೆಂಟ್’ ಎನ್ನುತ್ತಾರೆ. ಇದರಲ್ಲಿ ದಾನಿಗಳನ್ನು ಸಂಜೆಯ ಕೂಟಗಳಲ್ಲಿ ಭೇಟಿಯಾಗುವ ಕೆಲಸ ನುಡಿಸುವವರಿಗೆ ಆಗದು. ಟ್ರಸ್ಟುಗಳಿಗೆ, ಆರ್ಟ್ಸ್ ಕೌನ್ಸಿಲ್ಲಿಗೆ ಅರ್ಜಿ ಬರೆಯುವ ಕೆಲಸವಂತೂ ನಮಗೇ ಮಾಡಿಟ್ಟಂತಿದೆ. ಗಡುವು ತಿಂಗಳುಗಳ ಮೊದಲೇ ಗೊತ್ತು, ರೈಲಿನಲ್ಲಿ ಕೂತೂ ಬರೆಯಬಹುದು, ವಾರಕ್ಕೆ ಎರಡು ಮೂರು ದಿನದ ಹುದ್ದೆಗಳೂ ಸಿಗುತ್ತವೆ. ವಾದಕರು ಬರೆದ ಅರ್ಜಿಗೆ ಬೇರೆಯದೇ ಬಲವಿರುತ್ತದೆ, ಯಾಕೆಂದರೆ ಅವರಿಗೆ ಬಜೆಟ್ಟಿನ ಪ್ರತಿ ಸಾಲಿನ ಹಿಂದಿರುವ ಮನುಷ್ಯರು ಗೊತ್ತು. ‘ಎಕ್ಸ್‌ಟ್ರಾ ವಾದಕರು’ ಎಂಬ ಒಂದು ಸಾಲು ಯಾಕೆ ಅಷ್ಟು ದೊಡ್ಡದು, ಕಾರ್ಯಕ್ರಮದಲ್ಲಿ ಯಾವ ಕೃತಿ ಬದಲಾದರೆ ಅದು ಇಳಿಯುತ್ತದೆ ಎಂದು ಅವರು ಕೂತಲ್ಲೇ ಹೇಳಬಲ್ಲರು. ಹಣಕಾಸಿನ ನಿಯಮಗಳನ್ನೂ ಕಲಿಯಬೇಕಾಗುತ್ತದೆ. ಉದಾಹರಣೆಗೆ 2016ರಲ್ಲಿ ಬಂದ ಆರ್ಕೆಸ್ಟ್ರಾ ತೆರಿಗೆ ರಿಯಾಯಿತಿ 2025ರ ಏಪ್ರಿಲಿನಿಂದ 45 ಶೇಕಡಾ ದರದಲ್ಲಿ ಕಾಯಂ ಆಗಿದೆ. ಅದಕ್ಕೆ ಕನಿಷ್ಠ 12 ವಾದಕರಿರಬೇಕು. ಹತ್ತು ಮಂದಿಯ ಹಿತ್ತಾಳೆ ಗುಂಪು ಕಟ್ಟಿ ಕಛೇರಿ ನಡೆಸಲು ಹೊರಟವರಿಗೆ ಈ ಒಂದು ಸಂಖ್ಯೆಯೇ ದೊಡ್ಡ ವ್ಯತ್ಯಾಸ.

ಶಾಲೆ ಮತ್ತು ಸಮುದಾಯದ ಕಲಿಕಾ ವಿಭಾಗದ್ದು ಹಗಲಿನ ಕೆಲಸ, ಶಾಲಾ ಅವಧಿಗೆ ಸೇರಿದ್ದು. ನುಡಿಸುವುದರ ಜೊತೆ ಚೆನ್ನಾಗಿಯೇ ಹೊಂದುತ್ತದೆ. ಇಡೀ ಸಂಸ್ಥೆಯ ಮುಖ್ಯಸ್ಥರಾಗುವುದು ಮಾತ್ರ ಬೇರೆ ಮಾತು. ಅಲ್ಲಿಗೆ ಏರಿದವರಿಗೆ ವಾದ್ಯ ಭಾನುವಾರದ ಸಂಗಾತಿಯಾಗಿ ಉಳಿದರೆ ಹೆಚ್ಚು.

ಸಂಬಳದ ಬಗ್ಗೆ ನೇರ ಮಾತು: ಇದೇ ಬುದ್ಧಿ, ಇದೇ ಶ್ರಮ ಬೇರೆ ಕ್ಷೇತ್ರದ ಕಚೇರಿಗೆ ಹಾಕಿದರೆ ಹೆಚ್ಚು ಸಿಗುತ್ತದೆ. ಕಲಾ ಸಂಸ್ಥೆಗಳ ಕೆಳಹಂತದ ಸಂಬಳ ಲಂಡನ್ನಿನ ಬಾಡಿಗೆಗೆ ಸಾಲದು. ಆದರೆ ಪಿಂಚಣಿಯಿದೆ, ರಜೆಯಿದೆ, ತುಟಿ ಕೈಕೊಟ್ಟ ವಾರವೂ ಸಂಬಳ ಬರುತ್ತದೆ.

ಎರಡೂ ಸೇರಿದಾಗ

2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಸಂಗೀತ ಕಛೇರಿಗಳೆಲ್ಲ ನಿಂತಾಗ ಈ ಮಿಶ್ರ ಬದುಕಿನ ಬಲವೂ ದೌರ್ಬಲ್ಯವೂ ಒಟ್ಟಿಗೆ ಕಂಡವು. ಸ್ವಂತ ಉದ್ಯೋಗದವರಿಗೆ ಸರಕಾರ ಕೊಟ್ಟ ನೆರವಿಗೆ ಒಂದು ಷರತ್ತಿತ್ತು: ಒಟ್ಟು ಆದಾಯದಲ್ಲಿ ಅರ್ಧವಾದರೂ ಸ್ವಂತ ಉದ್ಯೋಗದಿಂದ ಬಂದಿರಬೇಕು. ಕಚೇರಿಯಿಂದ ನೂರಕ್ಕೆ 55, ನುಡಿಸಿ 45 ಗಳಿಸುತ್ತಿದ್ದವರಿಗೆ ಆ 45ಕ್ಕೆ ಏನೂ ಸಿಗಲಿಲ್ಲ. ಆಗಷ್ಟೇ ಕಾಲೇಜು ಬಿಟ್ಟು ಹಳೆಯ ತೆರಿಗೆ ಲೆಕ್ಕ ಇಲ್ಲದವರೂ ಮೊದಲು ಹೊರಗುಳಿದರು. ಆದರೂ ಕಚೇರಿಯ ಆ 55 ಬಹುಪಾಲು ನಿಲ್ಲಲಿಲ್ಲ. ಬರೀ ನುಡಿಸುತ್ತಿದ್ದವರಲ್ಲಿ ಎಷ್ಟೋ ಜನ ವಾದ್ಯ ಮಾರಿ ಬೇರೆ ಕೆಲಸಕ್ಕೆ ಹೋದ ಕಾಲದಲ್ಲಿ, ಎರಡು ಕಾಲಿನ ಮೇಲೆ ನಿಂತವರು ಕುಂಟಿಕೊಂಡಾದರೂ ನಡೆದರು.

ಎರಡನ್ನೂ ದೊಡ್ಡದಾಗಿ ಮಾಡಿ ತೋರಿಸಿದವರೂ ಇದ್ದಾರೆ. ಫಿಲಿಪ್ ಜೋನ್ಸ್ ಲಂಡನ್ನಿನ ಹಲವು ಆರ್ಕೆಸ್ಟ್ರಾಗಳಲ್ಲಿ ಮೊದಲ ಟ್ರಂಪೆಟ್ ನುಡಿಸಿದವರು. 1951ರಲ್ಲಿ ತಮ್ಮದೇ ಹಿತ್ತಾಳೆ ತಂಡ ಕಟ್ಟಿದರು. ಹಿತ್ತಾಳೆಯವರೇ ಒಂದಿಡೀ ಸಂಜೆಯ ಕಛೇರಿ ಕೊಡಬಹುದೆಂದು ಆಗ ನಂಬಿದವರು ಕಡಿಮೆ. ಹೊಸ ಕೃತಿ ಬರೆಸುವುದು, ರೆಕಾರ್ಡಿಂಗಿಗೆ ಒಪ್ಪಿಸುವುದು, ಪ್ರವಾಸ ಹೊಂದಿಸುವುದು ಎಲ್ಲವೂ ಆಡಳಿತವೇ. ಮುಂದೆ ಅವರು 1988ರಿಂದ 1994ರವರೆಗೆ ಟ್ರಿನಿಟಿ ಕಾಲೇಜ್ ಆಫ್ ಮ್ಯೂಸಿಕ್‌ನ ಪ್ರಾಂಶುಪಾಲರಾಗಿದ್ದರು. ಫಿಲ್‌ಹಾರ್ಮೋನಿಯಾದ ಮೊದಲ ಟ್ರಂಪೆಟ್ ಆಗಿದ್ದ ಜಾನ್ ವಾಲೇಸ್ 2002ರಿಂದ 2014ರವರೆಗೆ ಗ್ಲಾಸ್ಗೋದ ಸಂಗೀತ ಅಕಾಡೆಮಿಯನ್ನು ನಡೆಸಿದರು. ಅಮೆರಿಕದಲ್ಲಿ ಮೆಟ್ರೊಪಾಲಿಟನ್ ಒಪೆರಾದ ಹಾರ್ನ್ ವಾದಕ ಗುಂಥರ್ ಷುಲರ್ 1967ರಿಂದ ಹತ್ತು ವರ್ಷ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯ ಅಧ್ಯಕ್ಷರು.

ಕನ್ನಡಿಗರಿಗೆ ಇನ್ನೂ ಹತ್ತಿರದ ಒಂದು ಉದಾಹರಣೆ ಇದೆ, ಅದನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ಪಾಶ್ಚಾತ್ಯ ಸಂಗೀತ ಬಲ್ಲ ಜಯಚಾಮರಾಜ ಒಡೆಯರ್ 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರೌಸ್‌ರ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿ ಕೇಳಿಸಿದ್ದು ಅವರು ಕೊಟ್ಟ ಹಣದ ಭರವಸೆಯಿಂದ. ಆ ಹಾಡುಗಳಲ್ಲಿ ‘ಸೆಪ್ಟೆಂಬರ್’ ಮುಗಿಯುವುದು ಹಾರ್ನಿನ ಸೋಲೋದಿಂದ. ಸ್ಟ್ರೌಸ್‌ರ ತಂದೆ ಮ್ಯೂನಿಕ್ಕಿನ ಹಾರ್ನ್ ವಾದಕರು. ಇಂದು ಹಾರ್ನ್ ಕಲಿಯುವ ಪ್ರತಿ ಮಗುವೂ ಆಸೆಪಡುವ ಆ ಸಾಲು ಮೊದಲು ಕೇಳಿಸುವುದಕ್ಕೆ ಮೈಸೂರಿನಿಂದ ಹೋದ ಹಣದ ಭರವಸೆಯೂ ಕಾರಣ.

ಬೆಂಗಳೂರು, ಮೈಸೂರಿನಿಂದ ಹೊಸದಾಗಿ ಬರುವವರು ಒಂದು ವಿಷಯ ಮೊದಲೇ ತಿಳಿದಿರಬೇಕು. ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅವಕಾಶವಿಲ್ಲ. ಅಂದರೆ ಓದುವಾಗ ಹೊರಗೆ ಡೆಪ್ ಕೆಲಸಕ್ಕೆ ಹೋಗುವಂತಿಲ್ಲ, ಸಹಪಾಠಿಗಳು ಆ ವರ್ಷಗಳಲ್ಲೇ ಪಟ್ಟಿಗಳಿಗೆ ಸೇರಿಕೊಳ್ಳುತ್ತಾರೆ. ಓದಿನ ನಂತರದ ಗ್ರಾಜುಯೇಟ್ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡಬಹುದು, ಆದರೆ ಅದರ ಅವಧಿ ಚಿಕ್ಕದು. ಆಮೇಲೆ ಉಳಿಯಬೇಕಾದರೆ ಹೆಚ್ಚಿನವರಿಗೆ ಪ್ರಾಯೋಜಿಸುವ ಸಂಸ್ಥೆ ಬೇಕು, ಫ್ರೀಲಾನ್ಸರ್‌ಗೆ ಅಂಥ ಸಂಸ್ಥೆ ಇರುವುದಿಲ್ಲ. ಅವರಿಗೆ ನನ್ನ ಲೆಕ್ಕ ಬೇರೆ: ಕಾಯಂ ಹುದ್ದೆಯ ಆಡಿಷನ್ ಮತ್ತು ಪೂರ್ಣಾವಧಿ ಆಡಳಿತ ಇವೆರಡನ್ನೇ ಮುಂದಿಡಿ. ಭಾರತಕ್ಕೆ ಮರಳುವುದಾದರೆ 2006ರಲ್ಲಿ ಮುಂಬಯಿಯಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಜೊತೆಗೆ, ಕಲಿಸುವ ಸಂಸ್ಥೆ ಕಟ್ಟುವವರಿಗೆ ಬೆಂಗಳೂರಿನಲ್ಲಿ ಬೇಕಾದಷ್ಟು ಕೆಲಸವಿದೆ.

ಹಾಗಾದರೆ ಯಾರಿಗೆ ಯಾವುದು?

ಟ್ಯೂಬಾ, ಬಾಸ್ ಟ್ರೊಂಬೋನಿನವರಿಗೆ ನನ್ನ ಸಲಹೆಯಲ್ಲಿ ಅನುಮಾನವೇ ಇಲ್ಲ: ಕಾಲೇಜಿನ ಎರಡನೇ ವರ್ಷದಿಂದಲೇ ಆಡಳಿತದ ಒಂದು ಕೈಕೆಲಸ ಕಲಿಯಿರಿ. ಹಾರ್ನಿನವರು ಬರೀ ಫ್ರೀಲಾನ್ಸ್ ಮೇಲೆ ಇತರರಿಗಿಂತ ಹೆಚ್ಚು ಕಾಲ ನಿಲ್ಲಬಲ್ಲರು, ಪ್ರತಿ ಆರ್ಕೆಸ್ಟ್ರಾಕ್ಕೂ ಅವರು ಹೆಚ್ಚು ಜನ ಬೇಕು. ಟ್ರಂಪೆಟ್ಟಿನವರು ಪಿಕೊಲೊ ಟ್ರಂಪೆಟ್, ಫ್ಲೂಗಲ್‌ಹಾರ್ನ್ ಎರಡನ್ನೂ ಕೈಗೆ ತಂದುಕೊಂಡರೆ ಚರ್ಚಿನಿಂದ ವೆಸ್ಟ್ ಎಂಡ್‌ವರೆಗೆ ಬಾಗಿಲು ತೆರೆಯುತ್ತದೆ. ಟೆನರ್ ಟ್ರೊಂಬೋನಿನವರು ಯುಫೋನಿಯಂ ಬಿಡಬೇಡಿ, ಹೋಲ್ಸ್ಟ್‌ರ ‘ದಿ ಪ್ಲಾನೆಟ್ಸ್’ ಬಂದಾಗೆಲ್ಲ ಟೆನರ್ ಟ್ಯೂಬಾಕ್ಕೆ ಒಬ್ಬರು ಬೇಕು, ಅದನ್ನು ಸಾಮಾನ್ಯವಾಗಿ ಯುಫೋನಿಯಂನಲ್ಲೇ ನುಡಿಸುತ್ತಾರೆ.

ಇಪ್ಪತ್ತರ ಹರೆಯದಲ್ಲಿ ಟ್ರಯಲ್‌ಗಳು ಬರುತ್ತಿದ್ದರೆ ಆಡಳಿತವನ್ನು ವಾರಕ್ಕೆ ಎರಡು ದಿನಕ್ಕೆ ಮಿತಿಗೊಳಿಸಿ. ಮೂವತ್ತೈದು ದಾಟಿ, ಮನೆ ಮಕ್ಕಳ ಜವಾಬ್ದಾರಿ ಬಂದು, ಕರೆಗಳು ಒಂದೇ ಮಟ್ಟದಲ್ಲಿ ನಿಂತಿದ್ದರೆ ಮೂರು ದಿನಕ್ಕೆ ಏರಿಸಿ. ಸೋತೆವೆಂದು ಕೊರಗುವ ಕಾರಣವಿಲ್ಲ, ನಿಮ್ಮಂಥವರು ಕಚೇರಿಯಲ್ಲಿ ಇದ್ದರೇನೇ ಮುಂದಿನವರಿಗೆ ನುಡಿಸಲು ಸಂಗೀತ ಕಛೇರಿಗಳು ಉಳಿಯುತ್ತವೆ.

ಅರೆಕಾಲಿಕ ಆಡಳಿತ ಹುದ್ದೆಯ ಸಂದರ್ಶನಕ್ಕೆ ಹೋದಾಗ ನಾಲ್ಕು ಪ್ರಶ್ನೆ ಕೇಳಿ. ಕಚೇರಿಯ ದಿನಗಳನ್ನು ಎಷ್ಟು ಮುಂಚೆ ಹೇಳಿದರೆ ಅದಲು ಬದಲು ಮಾಡಬಹುದು? ಬೆಳಗ್ಗೆ ಕರೆ ಬಂದು ಅದೇ ಸಂಜೆ ನುಡಿಸಬೇಕಾದರೆ ಮೂರು ಗಂಟೆಗೆ ಹೊರಡಬಹುದೇ? ಒಂದು ವಾರದ ಪ್ರವಾಸಕ್ಕೆ ಹೋದರೆ ಅದು ರಜೆಯಲ್ಲಿ ಕಳೆಯುತ್ತದೆಯೋ, ಸಂಬಳದಲ್ಲೋ? ಈ ಸಂಸ್ಥೆಯ ಕಛೇರಿಯಲ್ಲೇ ನನ್ನನ್ನು ನುಡಿಸಲು ಕರೆದರೆ ತೀರ್ಮಾನ ಯಾರದು? ಉತ್ತರಗಳನ್ನು ಒಪ್ಪಂದದ ಜೊತೆ ಬರವಣಿಗೆಯಲ್ಲಿ ಕೇಳಿ. ಬರೆದುಕೊಡಲು ಅವರು ಹಿಂಜರಿದರೆ ಅದನ್ನು ವಾರವಿಡೀ ಹಿಡಿಯುವ ಕೆಲಸವೆಂದೇ ಎಣಿಸಿ, ಆ ಲೆಕ್ಕದಲ್ಲಿ ಸಂಬಳ ಸಾಕೇ ಎಂದು ನೋಡಿ.